ಕನ್ನಡ ಬರವಣಿಗೆಯ ತಂತ್ರಾಂಶ: ಮೊದಲ ಆವೃತ್ತಿಯಲ್ಲಿ ಏನಿರಬೇಕು?

ನಮಸ್ಕಾರ. ಕಥೆ, ಕಾದಂಬರಿ ಬರೆಯುವವರಿಗಾಗಿ ತಾವು ಸಿದ್ಧಪಡಿಸುತ್ತಿರುವ ತಂತ್ರಾಂಶದ ಮೊದಲ ಆವೃತ್ತಿಯಲ್ಲಿ ಕಾಗುಣಿತ ಪರೀಕ್ಷೆ, ಧ್ವನಿ ಟೈಪಿಂಗ್, ಪಾತ್ರಗಳ ಟಿಪ್ಪಣಿ, ಹೊಸ ಕೀಲಿಮಣೆ ವಿನ್ಯಾಸ, ‘ನುಡಿ’ ಎಂಬ ಕನ್ನಡ ಬೆರಳಚ್ಚು ತಂತ್ರಾಂಶದ ಹಳೆಯ ಕಡತಗಳ ಪರಿವರ್ತನೆ ಇವುಗಳಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕೆಂದು ಕೇಳಿದ್ದೀರಿ. ನನ್ನ ಅಭಿಪ್ರಾಯದಲ್ಲಿ ಕೊನೆಯದೊಂದನ್ನು ಬಿಟ್ಟು ಉಳಿದವೆಲ್ಲ ಕಾಯಬಹುದು. ತಮ್ಮ ಪಟ್ಟಿಯಲ್ಲೇ ಇಲ್ಲದ ಕೆಲವು ಸಂಗತಿಗಳು ಮಾತ್ರ ಕಾಯಲಾರವು.

ಬರೆದದ್ದು ಕಳೆದುಹೋಗಬಾರದೆಂಬುದು ಎಲ್ಲಕ್ಕಿಂತ ಮುಖ್ಯ. ತಂತ್ರಾಂಶವು ತಾನಾಗಿಯೇ ಉಳಿಸುವಾಗ ಹಳೆಯ ಕಡತದ ಮೇಲೆ ನೇರವಾಗಿ ಬರೆಯದೆ, ಬೇರೊಂದು ತಾತ್ಕಾಲಿಕ ಕಡತದಲ್ಲಿ ಪೂರ್ತಿ ಬರೆದು, ಆನಂತರ ಹೆಸರು ಬದಲಿಸಿ ಹಳೆಯದರ ಜಾಗಕ್ಕೆ ತರಲಿ. ನಡುವೆ ವಿದ್ಯುತ್ ಹೋದರೂ ಹಿಂದಿನ ಪ್ರತಿ ಇದ್ದ ಹಾಗೆಯೇ ಇರುತ್ತದೆ.

ಅನಂತರ ಅಕ್ಷರಗಳ ನಿರ್ವಹಣೆ. ‘ಸ್ತ್ರೀ’ ಎಂಬುದು ಕಣ್ಣಿಗೆ ಒಂದೇ ಅಕ್ಷರವಾದರೂ, ಎಲ್ಲ ಭಾಷೆಗಳ ಅಕ್ಷರಗಳಿಗೆ ಸಂಕೇತಗಳನ್ನು ಗೊತ್ತುಪಡಿಸುವ ಯೂನಿಕೋಡ್‌ನಲ್ಲಿ 6 ಸಂಕೇತಗಳ ಸರಣಿ. ಕರ್ಸರ್ ಅದರ ನಡುವೆ ನಿಲ್ಲಬಾರದು. ಬ್ಯಾಕ್‌ಸ್ಪೇಸ್ ಒತ್ತಿದರೆ ಇಡೀ ಅಕ್ಷರ ಹೋಗದೆ ಕೊನೆಯ ಗುಣಿತ ಚಿಹ್ನೆ ಮಾತ್ರ ಅಳಿಯುವುದು ಬರೆಯುವವರಿಗೆ ಅನುಕೂಲ. ಹುಡುಕಾಟದಲ್ಲಿ ಇದಕ್ಕಿಂತ ಸೂಕ್ಷ್ಮವಾದ ತೊಡಕಿದೆ: ‘ಕೋ’ದಲ್ಲಿನ ಓತ್ವವನ್ನು ಒಂದೇ ಸಂಕೇತವಾಗಿಯೂ ಬಿಡಿ ಸಂಕೇತಗಳ ಜೋಡಣೆಯಾಗಿಯೂ ಉಳಿಸಲು ಸಾಧ್ಯವಿರುವುದರಿಂದ, ಹೋಲಿಸುವ ಮೊದಲು ಎರಡೂ ಕಡೆಯ ಪಠ್ಯವನ್ನು ಎನ್‌ಎಫ್‌ಸಿ ಎಂಬ ಪ್ರಮಾಣಿತ ಯೂನಿಕೋಡ್ ರೂಪಕ್ಕೆ ತರದಿದ್ದರೆ ಪರದೆಯ ಮೇಲೆ ಕಾಣುತ್ತಿರುವ ಪದವೇ ಸಿಗುವುದಿಲ್ಲ. ‘ರಾಜ್‌ಕುಮಾರ್’ ಎಂದು ಬಿಡಿಸಿ ಬರೆಯಲು ಬಳಸುವ ಅಗೋಚರ ಚಿಹ್ನೆಯನ್ನು ಹುಡುಕುವಾಗ ಕಡೆಗಣಿಸಬೇಕು, ಆದರೆ ಉಳಿಸುವಾಗ ಕಿತ್ತುಹಾಕಬಾರದು.

ನುಡಿ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸುವ ಸೌಲಭ್ಯವನ್ನು ಖಂಡಿತ ಉಳಿಸಿಕೊಳ್ಳಿ, ಏಕೆಂದರೆ ಅನೇಕ ಲೇಖಕರ ಹಳೆಯ ಬರಹವೆಲ್ಲ ಅದರಲ್ಲಿದೆ. ಅಲ್ಲಿ ಅಕ್ಷರದ ತುಣುಕುಗಳು ಕಾಣುವ ಕ್ರಮದಲ್ಲಿ ಕೂತಿರುತ್ತವೆ. ಅರ್ಕಾವತ್ತು ವ್ಯಂಜನದ ನಂತರ ಬರುವುದರಿಂದ ಅದನ್ನು ಆ ವ್ಯಂಜನಕ್ಕಿಂತ ಮೊದಲಿನ ಜಾಗಕ್ಕೆ ಸರಿಸಬೇಕು. ಇಂಗ್ಲಿಷ್ ಅಕ್ಷರಗಳ ಸಂಕೇತಗಳನ್ನೇ ಕನ್ನಡದ ತುಣುಕುಗಳಿಗೂ ಬಳಸಿರುವುದರಿಂದ ಬರೀ ಪಠ್ಯವನ್ನು ನೋಡಿ ಯಾವುದು ಯಾವುದೆಂದು ತಿಳಿಯಲಾಗದು. ಆದ್ದರಿಂದ ವರ್ಡ್ ಕಡತವನ್ನೇ ತೆಗೆದುಕೊಂಡು, ಪಠ್ಯದ ಪ್ರತಿ ಭಾಗದ ಫಾಂಟ್ ಹೆಸರನ್ನು ನೋಡಿ ಪರಿವರ್ತಿಸುವುದು ಸರಿ.

ಕಾಗುಣಿತ ಪರೀಕ್ಷೆಯನ್ನು ಬಿಡಿ ಎನ್ನಲು ಕಾರಣವಿದೆ. ‘ಬರೆಯಬೇಕಾಗಿತ್ತಾದರೂ’ ಎಂಬಂತಹ ರೂಪಗಳನ್ನು ಪದಪಟ್ಟಿಯೊಂದರಿಂದ ಹಿಡಿಯಲಾಗುವುದಿಲ್ಲ. ಸರಿಯಾದ ಪದಗಳ ಕೆಳಗೆಲ್ಲ ಕೆಂಪು ಗೆರೆ ಬಂದರೆ ಲೇಖಕರು ಅದನ್ನು ಮೊದಲ ದಿನವೇ ನಿಲ್ಲಿಸಿಬಿಡುತ್ತಾರೆ. ಪ್ರತ್ಯಯಗಳನ್ನು ಬಿಡಿಸಬಲ್ಲ ವ್ಯವಸ್ಥೆ ಸಿದ್ಧವಾದ ಮೇಲೆ ನೋಡೋಣ. ಹೊಸ ಕೀಲಿಮಣೆಯಂತೂ ಬೇಡವೇ ಬೇಡ: ಕೆ.ಪಿ. ರಾವ್ ಅವರು ರೂಪಿಸಿದ, ಈಗಾಗಲೇ ಬಳಕೆಯಲ್ಲಿರುವ ಕನ್ನಡ ಕೀಲಿಮಣೆ ವಿನ್ಯಾಸಕ್ಕೆ ಪಳಗಿದ ಬೆರಳುಗಳು ಹೊಸದಕ್ಕೆ ಒಗ್ಗುವುದು ಕಷ್ಟ. ವಿಂಡೋಸ್ ಮತ್ತು ಲಿನಕ್ಸ್‌ನಲ್ಲಿ ಈಗಾಗಲೇ ಇರುವ ಕನ್ನಡ ಕೀಲಿಮಣೆಗಳು ತಮ್ಮ ತಂತ್ರಾಂಶದಲ್ಲಿ ತಡೆಯಿಲ್ಲದೆ ನಡೆದರೆ ಸಾಕು.

ಹೊರಗೆ ಕಳುಹಿಸಲು ವರ್ಡ್ ಕಡತ ಮತ್ತು ಸರಳ ಪಠ್ಯ ಎರಡೇ ಇರಲಿ. ಪಿಡಿಎಫ್‌ನಿಂದ ನಕಲು ಮಾಡಿದ ಕನ್ನಡ ಹಲವು ಬಾರಿ ಕಲಸಿಹೋಗುವುದರಿಂದ ಸಂಪಾದಕರಿಗೆ ಅದರಿಂದ ಹೆಚ್ಚಿನ ಉಪಯೋಗವಿಲ್ಲ. ಫಾಂಟ್ ಜೊತೆಗೆ ಕೊಡುವುದಾದರೆ ಮುಕ್ತ ಪರವಾನಗಿಯ ನೋಟೋ ಸೆರಿಫ್ ಕನ್ನಡವನ್ನು ಕೊಡಿ. ತುಂಗಾ ಎಂಬ ಫಾಂಟ್ ವಿಂಡೋಸ್ ಜೊತೆ ಬರುವಂಥದ್ದು, ಅದನ್ನು ನಾವು ಹಂಚುವಂತಿಲ್ಲ.