ಪ್ರಬಂಧದ ಇಳುವರಿ ನಮ್ಮ ಹೊಲಕ್ಕೂ ಬರುತ್ತದೆಯೇ?

ಪ್ರಶ್ನೆ: ಜಗಳೂರು ತಾಲ್ಲೂಕಿನಲ್ಲಿ ನಾಲ್ಕು ಎಕರೆ ಮೆಕ್ಕೆಜೋಳ ಹಾಕುತ್ತೇನೆ, ಮಳೆಯನ್ನೇ ನಂಬಿದ ಹೊಲ. ಎಲೆಗೆ ಸಿಂಪಡಿಸುವ ಒಂದು ದ್ರವದಿಂದ ಇಳುವರಿ ಚೆನ್ನಾಗಿ ಏರುತ್ತದೆ ಎಂದು ಗೊಬ್ಬರದ ಅಂಗಡಿಯವರು ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಪ್ರಬಂಧದ ಪುಟವನ್ನೇ ಪ್ರಿಂಟ್ ತೆಗೆದು ತೋರಿಸುತ್ತಿದ್ದಾರೆ. ಅಗ್ರಿ ಓದುತ್ತಿರುವ ಮಗಳು ಪ್ರಬಂಧ ಅಸಲಿಯೇ ಅನ್ನುತ್ತಾಳೆ. ಕೊಳ್ಳಬಹುದೇ? ಇಷ್ಟೊಂದು ಪ್ರಬಂಧ ಬರೆಯುತ್ತಾರಲ್ಲ, ಅದರಲ್ಲಿ ನಮ್ಮ ಹೊಲಕ್ಕೆ ಬಂದದ್ದು ಯಾವುದು?

ಉತ್ತರ: ಪ್ರಬಂಧ ಅಸಲಿ ಇರಬಹುದು. ಆದರೂ ನಾಲ್ಕೂ ಎಕರೆಗೆ ಈ ವರ್ಷವೇ ಕೊಳ್ಳಬೇಡಿ. ಪ್ರಬಂಧ ಬೇರೆ, ಶಿಫಾರಸು ಬೇರೆ. ಅಂಗಡಿಯಲ್ಲಿ ಮೊದಲನೆಯದನ್ನು ತೋರಿಸಿ ಎರಡನೆಯದರ ಹೆಸರಲ್ಲಿ ಮಾರುತ್ತಾರೆ.

ಬಹಳಷ್ಟು ಪ್ರಬಂಧಗಳು ಎಂ.ಎಸ್ಸಿ. ವಿದ್ಯಾರ್ಥಿಗಳ ಥೀಸಿಸ್‌ನಿಂದ ಹುಟ್ಟಿದವು. ಕೋರ್ಸ್ ಇರುವುದೇ ಎರಡು ವರ್ಷ, ಹಾಗಾಗಿ ಹೊಲದ ಪ್ರಯೋಗ ಹೆಚ್ಚಾಗಿ ಒಂದೇ ಹಂಗಾಮಿನದು, ಒಂದೇ ಜಾಗದ್ದು. ತಾಕುಗಳೂ ಚಿಕ್ಕವು. ಹತ್ತು ಚದರ ಮೀಟರಿನ ತಾಕಿನಲ್ಲಿ ಬಂದ ಕಾಳನ್ನು ತೂಗಿ ಸಾವಿರದಿಂದ ಗುಣಿಸಿದರೆ ಹೆಕ್ಟೇರಿನ ಲೆಕ್ಕ ಬರುತ್ತದೆ. ತೂಕದಲ್ಲಿ 100 ಗ್ರಾಂ ಆಚೀಚೆ ಆದರೂ ಹೆಕ್ಟೇರಿಗೆ ಒಂದು ಕ್ವಿಂಟಲ್ ಆಚೀಚೆ! ಇದು ವಿಜ್ಞಾನಿಗಳಿಗೆ ಗೊತ್ತಿಲ್ಲದ್ದೇನಲ್ಲ. ಅದಕ್ಕೇ ಸಿಂಪಡಿಸಿದ್ದು, ಸಿಂಪಡಿಸದ್ದು ಹೀಗೆ ಒಂದೊಂದನ್ನೂ ಮೂರು ನಾಲ್ಕು ತಾಕುಗಳಲ್ಲಿ ಮಾಡಿ, ಕೋಷ್ಟಕದ ಕೊನೆಯ ಸಾಲಿನಲ್ಲಿ ಸಿ.ಡಿ. (ಕ್ರಿಟಿಕಲ್ ಡಿಫರೆನ್ಸ್, ಅಂದರೆ ನಂಬಲು ಬೇಕಾದ ಕನಿಷ್ಠ ವ್ಯತ್ಯಾಸ) ಅಂತ ಒಂದು ಅಂಕಿ ಕೊಟ್ಟಿರುತ್ತಾರೆ. ಮಗಳಿಗೆ ಹೇಳಿ, ಮೊದಲು ಆ ಸಾಲು ಓದಲಿ. ಸಿಂಪಡಿಸದ ತಾಕಿನಲ್ಲಿ 52 ಕ್ವಿಂಟಲ್, ಸಿಂಪಡಿಸಿದ್ದರಲ್ಲಿ 57 ಅಂತ ಇದೆ ಅಂದುಕೊಳ್ಳಿ. ಸಿ.ಡಿ. 3 ಇದ್ದರೆ ಆ ಐದು ಕ್ವಿಂಟಲ್‌ಗೆ ಬೆಲೆ ಇದೆ. ಸಿ.ಡಿ. 7 ಇದ್ದರೆ ಆ ವ್ಯತ್ಯಾಸ ಮಣ್ಣಿನದೋ ದ್ರವದ್ದೋ ಹೇಳಲಾಗದು. ಅಂಗಡಿಯ ಪ್ರಿಂಟ್‌ನಲ್ಲಿ ಎಷ್ಟೋ ಸಲ ಆ ಕೊನೆಯ ಸಾಲೇ ಇರುವುದಿಲ್ಲ.

ಆಮೇಲೆ ಪ್ರಯೋಗ ಎಲ್ಲಿ ನಡೆದದ್ದು ನೋಡಿ. ನಿಮ್ಮ ದಾವಣಗೆರೆ ಜಿಲ್ಲೆಯಲ್ಲೇ ಜಗಳೂರು ಮಧ್ಯ ಒಣ ವಲಯಕ್ಕೆ ಸೇರಿದರೆ ಚನ್ನಗಿರಿ, ಹೊನ್ನಾಳಿ ದಕ್ಷಿಣ ಅರೆಮಲೆನಾಡು ವಲಯಕ್ಕೆ ಸೇರಿವೆ. ನೀರು ಹಾಯಿಸಿ ಬೆಳೆದ ಮೆಕ್ಕೆಜೋಳದ ಫಲಿತಾಂಶ ನಿಮ್ಮ ಮಳೆಯಾಶ್ರಿತ ಹೊಲಕ್ಕೆ ಹೊಂದಬೇಕೆಂದಿಲ್ಲ. ಕೊನೆಯ ಪುಟದಲ್ಲಿ ಪ್ರಯೋಗಕ್ಕೆ ಹಣ ಕೊಟ್ಟವರ ಹೆಸರೂ ಇರಬಹುದು. ಕಂಪನಿಯಿಂದ ಶುಲ್ಕ ಪಡೆದು ಉತ್ಪನ್ನ ಪರೀಕ್ಷಿಸುವುದು ವಿಶ್ವವಿದ್ಯಾಲಯಗಳಲ್ಲಿ ನಡೆದು ಬಂದ ಪದ್ಧತಿ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಕೊಳ್ಳುವವನಿಗೆ ಅದು ಗೊತ್ತಿರಬೇಕು.

ಶಿಫಾರಸು ಆಗಬೇಕಾದರೆ ಹಲವು ಹಂಗಾಮು, ಹಲವು ಸಂಶೋಧನಾ ಕೇಂದ್ರ ದಾಟಿ, ರೈತರ ಹೊಲದ ಪ್ರಯೋಗವೂ ಮುಗಿದು, ವಿಶ್ವವಿದ್ಯಾಲಯದ ಬೇಸಾಯ ಪದ್ಧತಿಗಳ ಕೈಪಿಡಿಯಲ್ಲಿ ಸೇರಬೇಕು. ದಾವಣಗೆರೆ, ಚಿತ್ರದುರ್ಗ ಎರಡೂ ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬರುತ್ತವೆ. ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ‘ಈ ದ್ರವ ಕೈಪಿಡಿಯಲ್ಲಿದೆಯೇ, ಜಗಳೂರು ಕಡೆ ಯಾರ ಹೊಲದಲ್ಲಿ ಮಾಡಿದ್ದೀರಿ’ ಎಂದು ನೇರವಾಗಿ ಕೇಳಿ. ಅಷ್ಟಾದರೂ ಆಸೆ ಬಿಡದಿದ್ದರೆ ಹತ್ತು ಸಾಲಿಗೆ ಹೊಡೆದು, ಪಕ್ಕದ ಹತ್ತು ಸಾಲು ಹಾಗೇ ಬಿಟ್ಟು, ಒಕ್ಕಣೆಯಲ್ಲಿ ಬೇರೆ ಬೇರೆ ತೂಗಿ.

ಇನ್ನು ನಿಮ್ಮ ಹೊಲಕ್ಕೆ ಬಂದದ್ದು ಯಾವುದು ಅಂದಿರಿ. 2018ರಲ್ಲಿ ಮೆಕ್ಕೆಜೋಳದ ಸುಳಿ ತಿಂದು ಹಾಳು ಮಾಡಿದ ಹುಳವನ್ನು ಹಳೇ ಸೈನಿಕ ಹುಳ ಅಂದುಕೊಳ್ಳುವುದು ಸುಲಭವಿತ್ತು. ಇದು ಅಮೆರಿಕ ಮೂಲದ ಫಾಲ್ ಸೈನಿಕ ಹುಳು, ಭಾರತಕ್ಕೆ ಹೊಸದು ಎಂದು ದೇಶದಲ್ಲಿ ಮೊದಲು ಗುರುತಿಸಿ ಪ್ರಕಟಿಸಿದವರು ಇದೇ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರು, ಶಿವಮೊಗ್ಗದ ಹೊಲಗಳಲ್ಲಿ ಹಿಡಿದ ಹುಳಗಳಿಂದ. ಕೆಲವೇ ಪುಟದ ಆ ವರದಿ ಇಳುವರಿ ಏರಿಸುವ ಬಗ್ಗೆ ಬರೆದದ್ದಲ್ಲ. ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ವೈ ಅಕ್ಷರದ ಗುರುತು, ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ, ಇವನ್ನು ನೋಡಿ ಇವತ್ತು ನೀವು ಹುಳ ಗುರುತಿಸುತ್ತೀರಲ್ಲ, ಆ ಅರಿವು ಇಲ್ಲಿಗೆ ತಲುಪಿದ್ದು ಹಾಗೆ. ಸುಳಿಯೊಳಗೆ ಬೀಳುವಂತೆ ಔಷಧ ಹಾಕಬೇಕು, ಹುಳ ಚಿಕ್ಕದಿದ್ದಾಗಲೇ ಹಾಕಬೇಕು ಎಂಬ ಸಲಹೆ ಹಳ್ಳಿ ಹಳ್ಳಿಗೆ ಬಂದದ್ದೂ ಹುಳ ಯಾವುದೆಂದು ಖಚಿತವಾದ ಮೇಲೆಯೇ.

ಪ್ರಶ್ನೆ: ಚಳ್ಳಕೆರೆ ಕಡೆ ಶೇಂಗಾದಲ್ಲಿ ಇನ್ನೂ ಟಿಎಂವಿ-2 ತಳಿಯೇ ಓಡುತ್ತಿದೆ. ಹೊಸ ತಳಿ ಬಿಡುಗಡೆ ಆಗುತ್ತಲೇ ಇರುತ್ತವಲ್ಲ, ಬೀಜ ಯಾಕೆ ಸಿಗುವುದಿಲ್ಲ?

ಉತ್ತರ: ಟಿಎಂವಿ-2 ತಮಿಳುನಾಡಿನ ತಿಂಡಿವನಂನಲ್ಲಿ 1940ರಲ್ಲಿ ಬಿಡುಗಡೆಯಾದ ತಳಿ. ಅದು ಇನ್ನೂ ಉಳಿದಿರುವುದಕ್ಕೆ ಸಂಶೋಧನೆ ನಿಂತಿರುವುದು ಕಾರಣವಲ್ಲ. ತುಕ್ಕು ರೋಗ, ಎಲೆಚುಕ್ಕೆ ತಡೆಯುವ ಧಾರವಾಡದ ಜಿಪಿಬಿಡಿ-4ರಂಥ ತಳಿಗಳು ಬಂದಿವೆ. ಕಟ್ಟಿಹಾಕಿರುವುದು ಬೀಜದ ಲೆಕ್ಕ. ಬೀಜೋತ್ಪಾದನೆಯ ಲೆಕ್ಕದಲ್ಲಿ ಶೇಂಗಾ ಬಿತ್ತಿದ ಒಂದಕ್ಕೆ ಎಂಟು, ರಾಗಿ ಬಿತ್ತಿದ ಒಂದಕ್ಕೆ ಎಂಬತ್ತು ಪಟ್ಟು ಬೀಜ. ಒಂದು ಕ್ವಿಂಟಲ್ ಮೂಲ ಬೀಜ ಎರಡು ಬೆಳೆ ಕಳೆಯುವಷ್ಟರಲ್ಲಿ ರಾಗಿಯಾದರೆ 6,400 ಕ್ವಿಂಟಲ್, ಎಕರೆಗೆ ಐದು ಕಿಲೋದಂತೆ ಲಕ್ಷ ಎಕರೆಗೂ ಮಿಕ್ಕುತ್ತದೆ. ಶೇಂಗಾ ಆದರೆ 64 ಕ್ವಿಂಟಲ್ ಕಾಯಿ, ನೂರು ಎಕರೆ ದಾಟುವುದೇ ಕಷ್ಟ. ಎಕರೆಗೆ ಬೀಜ ಹೆಚ್ಚು ಬೇಕು, ಲಾಭ ಕಡಿಮೆ ಅಂತ ಖಾಸಗಿ ಕಂಪನಿಗಳೂ ಈ ಕಡೆ ತಲೆ ಹಾಕುವುದಿಲ್ಲ.

ಶೇಂಗಾ ಸ್ವಕೀಯ ಪರಾಗಸ್ಪರ್ಶದ ಬೆಳೆ, ಹೈಬ್ರಿಡ್ ಮೆಕ್ಕೆಜೋಳದಂತೆ ವರ್ಷ ವರ್ಷ ಬೀಜ ಕೊಳ್ಳಬೇಕಿಲ್ಲ. ಹಿರಿಯೂರಿನ ಕೃಷಿ ಸಂಶೋಧನಾ ಕೇಂದ್ರವಾದ ಬಬ್ಬೂರು ಫಾರ್ಮ್‌ನಲ್ಲಿ ವಿಚಾರಿಸಿ, ಹತ್ತು ಕಿಲೋ ಸಿಕ್ಕರೂ ತನ್ನಿ. ಬೇರೆ ತಳಿ ಬೆರೆಯದಂತೆ ಪ್ರತ್ಯೇಕ ಮಡಿಯಲ್ಲಿ ಬಿತ್ತಿ, ಬೇರೆ ರೂಪದ ಗಿಡ ಕಂಡರೆ ಹೂವಿನ ಹೊತ್ತಿಗೆ ಕಿತ್ತುಹಾಕಿ. ಕಾಯಿಯನ್ನು ಸಿಪ್ಪೆ ಸಮೇತ ಒಣಗಿಸಿಡಿ. ಬಿತ್ತನೆ ಹತ್ತಿರ ಬಂದಾಗ ಕೈಯಲ್ಲೇ ಸುಲಿಯಿರಿ, ಮೆಷಿನ್‌ಗೆ ಹಾಕಿದರೆ ಬೀಜ ಹೋಳಾಗಿ ಮೊಳಕೆ ತಪ್ಪುತ್ತದೆ.