ರಾತ್ರಿ ಎರಡು ಗಂಟೆಗೆ ಏನು ಮಾಡುತ್ತೀರಿ ಎಂದು ಕೇಳಿ

ನಿಮ್ಮ ಪ್ರಶ್ನೆ ಓದಿದೆ. ತಂದೆಗೆ ಎಪ್ಪತ್ತೆರಡು ವರ್ಷ, ಶ್ವಾಸಕೋಶದ ಕ್ಯಾನ್ಸರ್. ಬೆಂಗಳೂರಿನ ಡಾಕ್ಟರು "ಇನ್ನು ಕೀಮೋ ಬೇಡ, ಮನೆಗೆ ಕರೆದುಕೊಂಡು ಹೋಗಿ" ಎಂದಿದ್ದಾರೆ. ಚಿಕ್ಕಮಗಳೂರಿನಲ್ಲಿ ಇಬ್ಬರು ಹಾಸ್ಪೈಸ್ ಸೇವೆ, ಅಂದರೆ ವಾಸಿಯಾಗದ ಕಾಯಿಲೆಯವರಿಗೆ ಕೊನೆಯ ದಿನಗಳಲ್ಲಿ ನೋವು, ಸಂಕಟ ಕಮ್ಮಿ ಮಾಡುವ ಆರೈಕೆ, ಕೊಡುತ್ತೇವೆ ಅನ್ನುತ್ತಿದ್ದಾರೆ, ಯಾರು ಒಳ್ಳೆಯವರು ಅಂತ ತಿಳಿಯುವುದು ಹೇಗೆ ಎಂದು ಕೇಳಿದ್ದೀರಿ.

ನಾನು ಡಾಕ್ಟರಲ್ಲ, ನರ್ಸೂ ಅಲ್ಲ. ಹಾಸನದಲ್ಲಿದ್ದೇನೆ. ಮೂರು ವರ್ಷದ ಹಿಂದೆ ನಮ್ಮ ಅಮ್ಮನನ್ನು ಬೇಲೂರು ತಾಲ್ಲೂಕಿನ ನಮ್ಮ ಊರ ಮನೆಯಲ್ಲೇ ಕೊನೆಯವರೆಗೂ ನೋಡಿಕೊಂಡೆವು. ಸ್ತನ ಕ್ಯಾನ್ಸರ್, ಬೆನ್ನುಮೂಳೆಗೆ ಹರಡಿತ್ತು. ಮೊದಲು ತಪ್ಪು ಕಡೆ ಹೋದೆವು, ಆಮೇಲೆ ಸರಿಯಾದವರು ಸಿಕ್ಕರು. ಎರಡನ್ನೂ ಕಣ್ಣಾರೆ ನೋಡಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಇಬ್ಬರಿಗೂ ಇವತ್ತೇ ಫೋನ್ ಮಾಡಿ ಒಂದೇ ಒಂದು ಪ್ರಶ್ನೆ ಕೇಳಿ: "ರಾತ್ರಿ ಎರಡು ಗಂಟೆಗೆ ಅಪ್ಪನಿಗೆ ನೋವೋ ಉಸಿರುಕಟ್ಟೋ ಜಾಸ್ತಿಯಾದರೆ ನಾವು ಏನು ಮಾಡಬೇಕು, ನೀವು ಏನು ಮಾಡುತ್ತೀರಿ?" ಉತ್ತರ ಗಮನವಿಟ್ಟು ಕೇಳಿ. "ಆಸ್ಪತ್ರೆಗೆ ಕರೆದುಕೊಂಡು ಹೋಗಿ" ಅಂದರೆ ಅವರನ್ನು ಬಿಡಿ. "ನಮ್ಮ ಡಾಕ್ಟರು ಬೆಳಿಗ್ಗೆ ನೋಡುತ್ತಾರೆ" ಅಂದರೂ ಬಿಡಿ. "ಈ ನಂಬರಿಗೆ ಫೋನ್ ಮಾಡಿ, ಸಿಸ್ಟರ್ ಎತ್ತುತ್ತಾರೆ, ಇಂಥ ಮಾತ್ರೆ ಮೊದಲೇ ನಿಮ್ಮ ಮನೆಯಲ್ಲಿ ಇಟ್ಟಿರುತ್ತೇವೆ, ಎಷ್ಟು ಕೊಡಬೇಕು ಅಂತ ಚೀಟಿಯಲ್ಲಿ ಬರೆದಿರುತ್ತೇವೆ" ಅಂತ ಯಾರು ತಡವರಿಸದೆ ಹೇಳುತ್ತಾರೋ, ಅವರ ಜೊತೆ ಮಾತು ಮುಂದುವರಿಸಿ.

ನಾವು ಮೊದಲು ಹಿಡಿದಿದ್ದು ಒಂದು ಏಜೆನ್ಸಿ. ಹೆಸರು ಬೇಡ. ತಿಂಗಳ ದುಡ್ಡು ಮುಂಗಡ ತೆಗೆದುಕೊಂಡರು. ಡಾಕ್ಟರು ವಾರಕ್ಕೊಮ್ಮೆ ಬರುತ್ತಾರೆ ಅಂದಿದ್ದರು, ಒಂದು ಸಲವೂ ಬರಲಿಲ್ಲ, ಬರೀ ಫೋನಿನಲ್ಲೇ ಮಾತು. ಒಬ್ಬಳು ಹೋಮ್ ನರ್ಸ್ ಹುಡುಗಿಯನ್ನು ಕಳಿಸಿದರು. ಪಾಪ, ಒಳ್ಳೆಯ ಹುಡುಗಿ. ಅಮ್ಮನಿಗೆ ಮೈ ಒರೆಸುತ್ತಿದ್ದಳು, ಗಂಜಿ ಕುಡಿಸುತ್ತಿದ್ದಳು. ಆದರೆ ನೋವಿನ ಬಗ್ಗೆ ಅವಳಿಗೆ ಯಾರೂ ಏನೂ ಕಲಿಸಿರಲಿಲ್ಲ. ನೋವು ಬಂದಾಗ ಒಂದು ಇಂಜೆಕ್ಷನ್, ಸುಸ್ತಾದಾಗ ಒಂದು ಬಾಟಲಿ ಗ್ಲೂಕೋಸ್, ಅಷ್ಟೇ. ಒಂದು ರಾತ್ರಿ ಅಮ್ಮ ಮಂಚದ ಕಂಬಿ ಹಿಡಿದುಕೊಂಡು ಬೆಳಗಿನವರೆಗೂ ಕೂತಿದ್ದರು. ಮಲಗಲು ಆಗುತ್ತಿರಲಿಲ್ಲ. ನಾನು ಏಜೆನ್ಸಿಗೆ ಹನ್ನೊಂದು ಸಲ ಫೋನ್ ಮಾಡಿದೆ. ಯಾರೂ ಎತ್ತಲಿಲ್ಲ. ಆ ರಾತ್ರಿಯನ್ನು ನಾನು ಇವತ್ತಿಗೂ ಮರೆತಿಲ್ಲ.

ಹೋಮ್ ನರ್ಸ್ ಇಟ್ಟುಕೊಳ್ಳುವುದು ತಪ್ಪಲ್ಲ. ಆದರೆ ಹೋಮ್ ನರ್ಸ್ ಕಳಿಸುವುದೇ ಹಾಸ್ಪೈಸ್ ಅಲ್ಲ. ಈಗ ಎಷ್ಟೋ ಕಡೆ ಅದಕ್ಕೇ ಈ ಹೆಸರು ಇಟ್ಟು ಬೋರ್ಡು ಹಾಕುತ್ತಿದ್ದಾರೆ.

ಎರಡನೆಯ ತಂಡದ ಸುಳಿವು ಕೊಟ್ಟಿದ್ದು ನಮ್ಮೂರಿನ ಆಶಾ ಕಾರ್ಯಕರ್ತೆ. ಒಬ್ಬರು ಡಾಕ್ಟರು, ಒಬ್ಬರು ಸಿಸ್ಟರ್. ಮೊದಲ ದಿನ ಬಂದಾಗ ಸಿಸ್ಟರ್ ನನ್ನನ್ನು ಏನೂ ಕೇಳಲಿಲ್ಲ. ಸೀದಾ ಹೋಗಿ ಅಮ್ಮನ ಮಂಚದ ಅಂಚಿನಲ್ಲಿ ಕೂತರು. "ಅಮ್ಮಾ, ಸೊನ್ನೆ ಅಂದರೆ ನೋವೇ ಇಲ್ಲ, ಹತ್ತು ಅಂದರೆ ತಡೆಯಲಾಗದ ನೋವು. ಈಗ ಎಷ್ಟಿದೆ?" ಅಮ್ಮ ಎರಡು ಕೈ ಎತ್ತಿ ಎಂಟು ಬೆರಳು ತೋರಿಸಿದರು. ಅದನ್ನು ಪುಸ್ತಕದಲ್ಲಿ ಬರೆದುಕೊಂಡರು. ಮೋಷನ್ ಆಗಿ ಎಷ್ಟು ದಿನ ಆಯಿತು ಅಂತ ಕೇಳಿದರು. ಆಮೇಲೆ ಹೊದಿಕೆ ಸರಿಸಿ ಹಿಮ್ಮಡಿ ಎರಡನ್ನೂ ಕೈಯಲ್ಲಿ ಹಿಡಿದು ನೋಡಿದರು, ಮಗ್ಗುಲಾಗಿಸಿ ಸೊಂಟದ ಕೆಳಗೆ ನೋಡಿದರು. ಹಾಸಿಗೆ ಹುಣ್ಣು ಮೊದಲು ಕಾಣಿಸುವುದು ಅಲ್ಲೇ. ಸೊಂಟದ ಹತ್ತಿರ ಚರ್ಮ ಆಗಲೇ ಕೆಂಪಾಗಿತ್ತು, ತಿಂಗಳಿಂದ ಜೊತೆಗಿದ್ದ ನಮಗೆ ಗೊತ್ತೇ ಇರಲಿಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ಹೇಗೆ, ದಿಂಬನ್ನು ಎಲ್ಲಿ ಇಡಬೇಕು ಅಂತ ನನಗೂ ಅಪ್ಪನಿಗೂ ಮಾಡಿ ತೋರಿಸಿದರು. ನಮ್ಮ ಕೈಯಲ್ಲೂ ಮಾಡಿಸಿದರು.

ನಿಮ್ಮ ಮನೆಗೆ ಯಾರೇ ಬಂದರೂ ಮೊದಲ ಅರ್ಧ ಗಂಟೆ ಇದನ್ನೇ ಗಮನಿಸಿ. ಬಂದವರು ಪೇಷಂಟ್ ಜೊತೆ ಮಾತಾಡುತ್ತಾರೋ, ಅಥವಾ ಬಾಗಿಲಲ್ಲೇ ನಿಂತು ನಿಮ್ಮ ಜೊತೆ ಪ್ಯಾಕೇಜ್ ಮಾತಾಡುತ್ತಾರೋ?

ಈಗ ಮುಖ್ಯ ವಿಷಯ, ಮಾರ್ಫಿನ್ ಅನ್ನುವ ತೀವ್ರ ನೋವಿನ ಔಷಧಿ. ಹೆಸರು ಕೇಳಿ ಹೆದರಬೇಡಿ. ನಾನೂ ಹೆದರಿದ್ದೆ, ಅಮ್ಮನಿಗೆ ಚಟ ಹತ್ತುತ್ತೆ, ಬೇಗ ಹೋಗಿಬಿಡುತ್ತಾರೆ ಅಂತ. ಡಾಕ್ಟರು ಕೂರಿಸಿಕೊಂಡು ಬಿಡಿಸಿ ಹೇಳಿದರು. ಕ್ಯಾನ್ಸರಿನ ತೀವ್ರ ನೋವಿಗೆ ಅಳತೆ ನೋಡಿ ಕೊಟ್ಟರೆ ಅದು ಸಾವನ್ನು ಹತ್ತಿರ ತರುವುದಿಲ್ಲ. ಉಸಿರುಕಟ್ಟಿಗೂ ಕಡಿಮೆ ಪ್ರಮಾಣದಲ್ಲಿ ಕೊಡುತ್ತಾರೆ, ಅದು ನಿಮ್ಮ ತಂದೆಗೆ ಬೇಕಾಗಬಹುದು. ಆದರೆ ಸಾಮಾನ್ಯ ಮೆಡಿಕಲ್ ಶಾಪಿನಲ್ಲಿ ಇದು ಸಿಗುವುದಿಲ್ಲ. 1985ರಲ್ಲಿ ಎನ್‌ಡಿಪಿಎಸ್ ಕಾಯ್ದೆ, ಅಂದರೆ ಮಾದಕ ವಸ್ತುಗಳನ್ನು ತಡೆಯುವ ಕಾನೂನು, ಬಂದ ಮೇಲೆ ಲೈಸನ್ಸುಗಳ ಕಾಟಕ್ಕೆ ಆಸ್ಪತ್ರೆಗಳೇ ಇದನ್ನು ಇಡುವುದು ಬಿಟ್ಟವು. 2014ರಲ್ಲಿ ತಿದ್ದುಪಡಿ ಆಗಿ, ಮಾನ್ಯತೆ ಪಡೆದ ಆಸ್ಪತ್ರೆಗಳು ಇಟ್ಟುಕೊಳ್ಳುವುದು ಸುಲಭವಾಯಿತು. ಆದರೂ ಸಣ್ಣ ಊರುಗಳಲ್ಲಿ ಇಡುವವರು ಕಮ್ಮಿ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದಲ್ಲಿ ನಮ್ಮದೇ ರೈತರು ಸರ್ಕಾರದ ಲೈಸನ್ಸಿನಲ್ಲಿ ಅಫೀಮು ಬೆಳೆಯುತ್ತಾರೆ, ಆ ಅಫೀಮಿನಿಂದಲೇ ಮಾರ್ಫಿನ್ ತೆಗೆಯುವುದು. ಬೇಲೂರಿನ ಹಳ್ಳಿಯೊಂದರಲ್ಲಿ ಮುದುಕಿಯೊಬ್ಬಳು ಮಾತ್ರ ಅದಿಲ್ಲದೆ ನರಳಬೇಕು. ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಅದಕ್ಕೇ ನೇರವಾಗಿ ಕೇಳಿ: "ನಿಮ್ಮ ಹತ್ತಿರ ಮಾರ್ಫಿನ್ ಮಾತ್ರೆ ಇದೆಯಾ? ಇಲ್ಲದಿದ್ದರೆ ಯಾವ ಆಸ್ಪತ್ರೆಯಿಂದ ತರಿಸುತ್ತೀರಿ?" ಅವರು "ಅದೆಲ್ಲ ಬೇಡ, ಅಷ್ಟು ಸ್ಟ್ರಾಂಗ್ ಯಾಕೆ" ಅಂತ ಮಾತು ಹಾರಿಸಿದರೆ ಅವರಿಗೆ ಈ ಕೆಲಸ ಗೊತ್ತಿಲ್ಲ ಅಂತಲೇ ಅರ್ಥ.

ಗೊತ್ತಿರುವವರು ಕೊಡುವ ರೀತಿಯೇ ಬೇರೆ. ನೋವು ಬಂದ ಮೇಲೆ ಕೊಡುವುದಲ್ಲ, ಗಡಿಯಾರ ನೋಡಿ ನಾಲ್ಕು ಗಂಟೆಗೊಮ್ಮೆ ಕೊಡುವುದು. ನಮ್ಮ ಚೀಟಿಯಲ್ಲಿ ಬೆಳಿಗ್ಗೆ ಆರು, ಹತ್ತು, ಮಧ್ಯಾಹ್ನ ಎರಡು, ಸಂಜೆ ಆರು, ರಾತ್ರಿ ಹತ್ತು ಅಂತ ಬರೆದಿತ್ತು. ರಾತ್ರಿ ಹತ್ತರದ್ದು ಮಾತ್ರ ಎರಡರಷ್ಟು. ಯಾಕೆ ಅಂತ ಕೇಳಿದೆ. "ರಾತ್ರಿ ಎರಡು ಗಂಟೆಗೆ ಅಮ್ಮನನ್ನು ಎಬ್ಬಿಸಬಾರದಲ್ವಾ" ಅಂದರು ಸಿಸ್ಟರ್. ನಡುವೆ ನೋವು ಎದ್ದರೆ ಕೊಡಲು ಬೇರೆ ಮಾತ್ರೆ ಇತ್ತು. ಕೊಟ್ಟಾಗಲೆಲ್ಲ ನಾವು ಬರೆದಿಡಬೇಕು, ಅದನ್ನು ನೋಡಿ ಅವರು ಪ್ರಮಾಣ ಹೆಚ್ಚುಕಮ್ಮಿ ಮಾಡುತ್ತಿದ್ದರು. (ಇದು ನಮ್ಮ ಅಮ್ಮನ ಚೀಟಿ. ನಿಮ್ಮ ತಂದೆಯದನ್ನು ಅವರ ಡಾಕ್ಟರೇ ಬರೆಯಬೇಕು. ಕಿಡ್ನಿ ತೊಂದರೆ ಇದ್ದರೆ ಮೊದಲೇ ಹೇಳಿ.) ಮೊದಲ ದಿನವೇ ಮೋಷನ್‌ಗೂ ಮಾತ್ರೆ ಕೊಟ್ಟರು. ಮಾರ್ಫಿನ್ ತೆಗೆದುಕೊಳ್ಳುವವರಿಗೆ ಹೊಟ್ಟೆ ಕಟ್ಟೇ ಕಟ್ಟುತ್ತದೆ. ಮಾರ್ಫಿನ್ ಬರೆದು ಆ ಮಾತ್ರೆ ಬರೆಯದ ಡಾಕ್ಟರ ಬಗ್ಗೆ ಸ್ವಲ್ಪ ಹುಷಾರಾಗಿರಿ.

ಮೂರನೆಯ ದಿನ ರಾತ್ರಿ ಅಮ್ಮ ಮಲಗಿ ನಿದ್ದೆ ಮಾಡಿದರು. ನಾನು ಎರಡು ಗಂಟೆಗೆ ಅಭ್ಯಾಸಬಲದಿಂದ ಎದ್ದು ಹೋಗಿ, ಉಸಿರಾಡುತ್ತಿದ್ದಾರಾ ಅಂತ ನೋಡಿ ಬಂದೆ.

ಎದೆಯ ಹುಣ್ಣು ಒಡೆದು ವಾಸನೆ ಬರುತ್ತಿತ್ತು. ಅಮ್ಮನಿಗೆ ನೋವಿಗಿಂತ ಅದೇ ದೊಡ್ಡ ಸಂಕಟ. ಮೊಮ್ಮಕ್ಕಳನ್ನು ಕೋಣೆಯೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಏಜೆನ್ಸಿಯವರು ಊದುಬತ್ತಿ ಹಚ್ಚಿ ಅಂದಿದ್ದರು. ಈ ಸಿಸ್ಟರ್ ನೀರು ಕಾಯಿಸಿ ಉಪ್ಪು ಹಾಕಿ ಆರಿಸಿ, ಅದರಲ್ಲಿ ಹುಣ್ಣು ತೊಳೆದರು. ಮೆಟ್ರೊನಿಡಜೋಲ್ ಅನ್ನುವ ಸೋಂಕಿನ ಮಾತ್ರೆಯನ್ನು ಕಾಗದದ ಮಡಿಕೆಯಲ್ಲಿಟ್ಟು ಚಮಚದ ಬೆನ್ನಲ್ಲಿ ನುಣ್ಣಗೆ ಅರೆದು, ಹುಣ್ಣಿನ ಮೇಲೆ ಉದುರಿಸಿ, ಗಾಜ್ ಬಟ್ಟೆ ಮುಚ್ಚಿದರು. ಕೆಲವೇ ರೂಪಾಯಿಯ ಮಾತ್ರೆ. ವಾರದೊಳಗೆ ವಾಸನೆ ಬಹಳ ಇಳಿಯಿತು. ನನ್ನ ಮಗಳು ಅಜ್ಜಿಯ ಪಕ್ಕ ಕೂತು ಹೋಂವರ್ಕ್ ಬರೆಯತೊಡಗಿದಳು.

ಇನ್ನೊಂದು ಸಲ ಸಿಸ್ಟರ್ ಕೇಳಿದರು: "ನೋವು ಮೂರಕ್ಕೆ ಇಳಿದಿದೆ, ಆದರೂ ನಿದ್ದೆ ಇಲ್ಲ ಅಂತೀರಿ. ಮಲಗಿದಾಗ ತಲೆಗೆ ಏನು ಬರುತ್ತೆ ಅಮ್ಮಾ?" ಅಮ್ಮ ಸ್ವಲ್ಪ ಹೊತ್ತು ಸುಮ್ನಿದ್ದು ಹೇಳಿದರು, ಸಂಘದ ಲೆಕ್ಕ ಅಂತ. ಊರಿನ ಸ್ತ್ರೀಶಕ್ತಿ ಸಂಘದ ಪುಸ್ತಕ ಅವರ ಹತ್ತಿರ ಇತ್ತು. ಎರಡು ತಿಂಗಳ ಉಳಿತಾಯದ ದುಡ್ಡು ಟ್ರಂಕಿನಲ್ಲಿ ಹಾಗೇ ಇತ್ತು. ಸತ್ತ ಮೇಲೆ ಜನ ದುಡ್ಡು ತಿಂದಳು ಅಂದುಕೊಂಡರೆ ಅನ್ನುವುದು ಅವರ ಚಿಂತೆ. ನಮಗ್ಯಾರಿಗೂ ಇದು ಗೊತ್ತಿರಲಿಲ್ಲ. ಮರುದಿನ ಸಂಘದವರನ್ನು ಕರೆಸಿ, ಅಮ್ಮನ ಎದುರಿಗೇ ಎಣಿಸಿ, ಪುಸ್ತಕಕ್ಕೆ ಸಹಿ ಹಾಕಿಸಿಕೊಟ್ಟೆವು. ಲಂಡನ್ನಿನಲ್ಲಿ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ಶುರು ಮಾಡಿದ ಸಿಸಿಲಿ ಸಾಂಡರ್ಸ್ ಹೇಳುತ್ತಿದ್ದುದು ಇದನ್ನೇ: ಸಾಯುವವರ ನೋವು ಬರೀ ಮೈಯದಲ್ಲ, ಮನಸ್ಸಿನದೂ ಮನೆಯದೂ ಅದರಲ್ಲಿ ಸೇರಿರುತ್ತದೆ ಅಂತ. ಆಮೇಲೆ ಓದಿ ತಿಳಿದುಕೊಂಡೆ. ಆಕೆ ನರ್ಸಾಗಿ ಕೆಲಸ ಶುರು ಮಾಡಿ ಆಮೇಲೆ ಡಾಕ್ಟರಾದವರು.

ನಿಮ್ಮ ತಂದೆಯ ವಿಷಯಕ್ಕೆ ಬರುತ್ತೇನೆ. ಶ್ವಾಸಕೋಶದ ಕ್ಯಾನ್ಸರಿನಲ್ಲಿ ಉಸಿರುಕಟ್ಟುವುದೇ ದೊಡ್ಡ ಹೆದರಿಕೆ. ಅದಕ್ಕೆ ಏನು ಮಾಡುತ್ತೀರಿ ಅಂತ ಬಿಡಿಸಿ ಕೇಳಿ. ಆಕ್ಸಿಜನ್ ಸಿಲಿಂಡರ್ ಬಾಡಿಗೆಯ ಮಾತು ಒಂದೇ ಬಂದರೆ ಸಾಲದು. ರಕ್ತದಲ್ಲಿ ಆಕ್ಸಿಜನ್ ಕಮ್ಮಿ ಇಲ್ಲದವರಿಗೆ ಸಿಲಿಂಡರಿನಿಂದ ಹೆಚ್ಚು ಉಪಯೋಗ ಆಗುವುದಿಲ್ಲ. ಒರಗಿಸಿ ಕೂರಿಸುವುದು, ಕಿಟಕಿ ತೆರೆಯುವುದು, ಮುಖಕ್ಕೆ ಗಾಳಿ ತಾಗುವಂತೆ ಸಣ್ಣ ಫ್ಯಾನ್ ಹಿಡಿಯುವುದು, ಬೇಕಾದರೆ ಸ್ವಲ್ಪ ಮಾರ್ಫಿನ್, ಪಕ್ಕದಲ್ಲಿ ಒಬ್ಬರು ಸಮಾಧಾನವಾಗಿ ಕೂತಿರುವುದು. ಇದನ್ನೆಲ್ಲ ತಾವಾಗಿಯೇ ಹೇಳುವವರು ಅನುಭವ ಇದ್ದವರು.

ಊಟ ನಿಂತಾಗ ಏನು ಮಾಡುತ್ತೀರಿ ಅಂತಲೂ ಕೇಳಿ. ನೆಂಟರೆಲ್ಲ "ಒಂದು ಬಾಟಲಿ ಹಾಕಿಸಿ" ಅನ್ನುತ್ತಾರೆ. ಕೊನೆಯ ದಿನಗಳಲ್ಲಿ ಮೈಗೆ ಆ ನೀರು ಹಿಡಿಸುವುದಿಲ್ಲ. ಕಾಲು ಊದುತ್ತದೆ, ಎದೆಯಲ್ಲಿ ಕಫ ಜಾಸ್ತಿಯಾಗುತ್ತದೆ. ಒಳ್ಳೆಯ ತಂಡದವರು ಆ ನೆಂಟರನ್ನೂ ಕೂರಿಸಿಕೊಂಡು ಇದನ್ನು ವಿವರಿಸುತ್ತಾರೆ. ಬಾಯಿ ಒಣಗದಂತೆ ಹತ್ತಿಯಲ್ಲಿ ನೀರು ಮುಟ್ಟಿಸುವುದನ್ನು ಕಲಿಸುತ್ತಾರೆ.

ವೆಂಟಿಲೇಟರ್ ಬೇಡ ಅನ್ನುವುದು ತಂದೆಯದೇ ಇಚ್ಛೆಯಾಗಿದ್ದರೆ ಈಗಲೇ ಬರೆಸಿಡಿ. ಸುಪ್ರೀಂ ಕೋರ್ಟ್ 2018ರಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿದೆ, 2023ರಲ್ಲಿ ಸುಲಭ ಮಾಡಿದೆ. ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಇಲ್ಲವೇ ಗೆಜೆಟೆಡ್ ಅಧಿಕಾರಿಯ ಹತ್ತಿರ ದೃಢೀಕರಿಸಿದರೆ ಸಾಕು. ನಮ್ಮ ರಾಜ್ಯ ಸರ್ಕಾರವೂ 2025ರ ಜನವರಿಯಲ್ಲಿ ಇದರ ಬಗ್ಗೆ ಆದೇಶ ಹೊರಡಿಸಿತು. ನಿಮ್ಮ ತಂಡದವರಿಗೆ ಇದು ಗೊತ್ತಿದೆಯಾ ನೋಡಿ. ಮನೆಯಲ್ಲಿ ತೀರಿಕೊಂಡರೆ ಸಾವಿನ ಕಾರಣದ ಸರ್ಟಿಫಿಕೇಟ್ ಯಾರು ಕೊಡುತ್ತಾರೆ ಅಂತಲೂ ಮೊದಲೇ ಕೇಳಿಡಿ. 21 ದಿನದೊಳಗೆ ಮರಣ ನೋಂದಣಿ ಆಗಬೇಕು, ಆ ಹೊತ್ತಿನಲ್ಲಿ ಓಡಾಡಲು ಯಾರಿಗೂ ಶಕ್ತಿ ಇರುವುದಿಲ್ಲ.

ದುಡ್ಡಿನ ವಿಷಯ: ಏನೇನಕ್ಕೆ ಎಷ್ಟು ಅಂತ ಬರವಣಿಗೆಯಲ್ಲಿ ಕೇಳಿ. ಪೂರ್ತಿ ಮುಂಗಡ ಕೊಡಬೇಡಿ. ಜಾಸ್ತಿ ದುಡ್ಡು ಅಂದರೆ ಜಾಸ್ತಿ ಆರೈಕೆ ಅಂತಲ್ಲ. ಬೆಂಗಳೂರಿನ ಕರುಣಾಶ್ರಯ 1999ರಿಂದ ಕ್ಯಾನ್ಸರಿನ ಕೊನೆಯ ಹಂತದವರನ್ನು ಒಂದು ಪೈಸೆ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಿದೆ. ಆದರೆ ಅಷ್ಟು ದೂರದ ಪ್ರಯಾಣ ತಂದೆಯ ಮೈಗೆ ತಡೆಯುತ್ತದಾ ನೋಡಿ. ಮಂಗಳೂರು ಕಡೆ ಅಂದರೆ ಚಾರ್ಮಾಡಿ ಘಾಟಿಯ ತಿರುವುಗಳು. ಹತ್ತಿರದಲ್ಲೇ ಸಿಗುವುದಾದರೆ ಅದೇ ಒಳ್ಳೆಯದು ಅನ್ನುವುದು ನನ್ನ ಅನಿಸಿಕೆ. ನಿಮ್ಮಲ್ಲಿ ಮಲ್ಲೇಗೌಡ ಜಿಲ್ಲಾಸ್ಪತ್ರೆಯಲ್ಲೂ ಹೋಗಿ ಉಪಶಾಮಕ ಆರೈಕೆಗೆ, ಅಂದರೆ ಪ್ಯಾಲಿಯೇಟಿವ್ ಕೇರ್‌ಗೆ, ಯಾರಿದ್ದಾರೆ ಅಂತ ವಿಚಾರಿಸಿ. ನಿಮ್ಮ ಏರಿಯಾದ ಆಶಾ ಕಾರ್ಯಕರ್ತೆಯನ್ನಂತೂ ಕೇಳಲೇಬೇಕು. ಆ ಇಬ್ಬರು ಈಗಾಗಲೇ ನೋಡಿಕೊಂಡ ಒಂದೆರಡು ಮನೆಯವರನ್ನು ಮಾತಾಡಿಸಲು ಆದರೆ ಮಾತಾಡಿಸಿ. ಚೆನ್ನಾಗಿತ್ತಾ ಅಂತ ಕೇಳಬೇಡಿ, ರಾತ್ರಿ ಫೋನ್ ಎತ್ತುತ್ತಿದ್ದರಾ ಅಂತ ಕೇಳಿ.

ಅಮ್ಮ ಒಂದು ಬೆಳಗಿನ ಜಾವ ತೀರಿಕೊಂಡರು. ಮುಖ ಶಾಂತವಾಗಿತ್ತು. ತಿಥಿ ಮುಗಿದ ಎರಡು ದಿನಕ್ಕೆ ಸಿಸ್ಟರ್ ಬಂದರು. ಉಳಿದ ಮಾರ್ಫಿನ್ ಮಾತ್ರೆ ವಾಪಸ್ ತೆಗೆದುಕೊಳ್ಳಬೇಕಿತ್ತು. ಹದಿನಾಲ್ಕು ಇದ್ದವು, ಎಣಿಸಿ ಪುಸ್ತಕದಲ್ಲಿ ಬರೆದು ನನ್ನ ಸಹಿ ಹಾಕಿಸಿಕೊಂಡರು. ಕೆಲಸ ಮುಗಿಯಿತು, ಹೊರಡುತ್ತಾರೆ ಅಂದುಕೊಂಡೆ. ಹೊರಡಲಿಲ್ಲ. ಜಗಲಿಯಲ್ಲಿ ಅಪ್ಪನ ಪಕ್ಕ ಕೂತು, "ಯಜಮಾನ್ರೇ, ಈಗ ರಾತ್ರಿ ನಿಮಗೆ ನಿದ್ದೆ ಬರ್ತಿದೆಯಾ?" ಅಂತ ಕೇಳಿದರು.