ಪ್ರಶ್ನೋತ್ತರ: ಭಾರದ ಮಲ್ಲ, ಚುರುಕಿನ ಎದುರಾಳಿ

ಪ್ರಶ್ನೆ: ಸ್ಟ್ರೀಟ್ ಫೈಟರ್ 6 ಎಂಬ ಹೊಡೆದಾಟದ ವಿಡಿಯೋ ಗೇಮ್‌ನಲ್ಲಿ ಭಾರದ ಮಲ್ಲ ಝಾಂಗೀಫ್‌ನನ್ನು ಆಡಿಸುತ್ತೇನೆ. ಎದುರಾಳಿ ದೂರದಿಂದ ಬೆಂಕಿಯುಂಡೆ ಎಸೆಯುತ್ತಾನೆ, ಹತ್ತಿರ ಹೋದರೆ ಒಂದು ಒದ್ದು ಹಿಂದೆ ಸರಿಯುತ್ತಾನೆ. ಕೈಗೆ ಸಿಗುವ ಹೊತ್ತಿಗೆ ನನ್ನ ಅರ್ಧ ಪ್ರಾಣ ಹೋಗಿರುತ್ತದೆ. ಹಿಡಿಯುವುದು ಹೇಗೆ?

ಉತ್ತರ: ಹಿಡಿಯಲು ಓಡಬೇಡಿ. ಅವನ ಬೆನ್ನ ಹಿಂದೆ ಗೋಡೆಯಿದೆ. ಒಂದೊಂದು ಸಲ ಹಿಂದೆ ಸರಿದಾಗಲೂ ಅವನು ಆ ಗೋಡೆಗೆ ಹತ್ತಿರವಾಗುತ್ತಾನೆ, ನೀವು ಆ ಜಾಗವನ್ನು ಬಿಟ್ಟುಕೊಡದಿದ್ದರೆ ಸಾಕು. ಒಂದು ಸುತ್ತಿಗೆ 99 ಸೆಕೆಂಡ್ ಇದೆ, ಅವಸರವಿಲ್ಲ. ಎರಡು ಹೆಜ್ಜೆ ನಡೆಯಿರಿ, ನಿಲ್ಲಿ, ಕುಳಿತು ಬ್ಲಾಕ್ ಮಾಡಿ, ಮತ್ತೆ ನಡೆಯಿರಿ.

ಹೆಚ್ಚಿನವರು ಸೋಲುವುದು ಜಂಪ್ ಮಾಡಿ. ಒಂದು ಜಂಪ್ ಸುಮಾರು ಮುಕ್ಕಾಲು ಸೆಕೆಂಡ್ ಹಿಡಿಯುತ್ತದೆ, ಗಾಳಿಯಲ್ಲಿ ಬ್ಲಾಕ್ ಮಾಡಲಾಗುವುದಿಲ್ಲ. ಬೆಂಕಿಯುಂಡೆ ಎಸೆಯುವವನು ಕಾಯುತ್ತಿರುವುದೇ ಅದಕ್ಕೆ. ಉಂಡೆ ಬಂದರೆ ಪ್ಯಾರಿ ಮಾಡಿ (ಗುಂಡಿ ಒತ್ತಿ ಹಿಡಿದು ಏಟನ್ನು ತಟ್ಟಿಹಾಕುವ ವಿಶೇಷ ತಡೆ), ಡ್ರೈವ್ ಗೇಜ್ ಎಂಬ ಆರು ಭಾಗಗಳ ಶಕ್ತಿಪಟ್ಟಿ ತುಂಬಿಕೊಳ್ಳುತ್ತದೆ. ಬರೀ ಬ್ಲಾಕ್ ಮಾಡುತ್ತಾ ಹೋದರೆ ಅದೇ ಗೇಜ್ ಕರಗುತ್ತದೆ. ಆರೂ ಭಾಗ ಖಾಲಿಯಾಗಿ ಬರ್ನ್‌ಔಟ್ ಆದರೆ ಪ್ಯಾರಿಯೇ ಇಲ್ಲ. ಜೊತೆಗೆ ಪ್ರತಿ ಬ್ಲಾಕ್‌ನಲ್ಲೂ 4 ಫ್ರೇಮ್ (ಒಂದು ಫ್ರೇಮ್ ಅಂದರೆ ಸೆಕೆಂಡಿನ 60ನೇ ಒಂದು ಭಾಗ) ಹೆಚ್ಚು ಹೊತ್ತು ಸಿಕ್ಕಿಹಾಕಿಕೊಳ್ಳುತ್ತೀರಿ, ಸ್ಪೆಷಲ್ ಹೊಡೆತಗಳು ಬ್ಲಾಕ್ ಮಾಡಿದರೂ ಪ್ರಾಣ ಕೊರೆಯುತ್ತವೆ. ಭಾರದ ಮಲ್ಲನಿಗೆ ಅದು ಸಾವಿನ ಬಾಗಿಲು. ಆದರೆ ಪ್ಯಾರಿಯನ್ನು ದೂರದಲ್ಲೇ ಇಟ್ಟುಕೊಳ್ಳಿ. ಮೈಗೆ ಮೈ ತಾಗುವಷ್ಟು ಹತ್ತಿರದಲ್ಲಿ ಪ್ಯಾರಿ ಒತ್ತಿ ಹಿಡಿದರೆ ಅವನು ನಿಮ್ಮನ್ನೇ ಎತ್ತಿ ಒಗೆಯುತ್ತಾನೆ.

ಇನ್ನು ಆ ಒದೆತದ ವಿಷಯ. ಈ ಪಾಠ ಟ್ರೈನಿಂಗ್ ಮೋಡ್‌ನಲ್ಲೇ ಕಲಿಯಬೇಕು. ಅವನ ಪಾತ್ರವನ್ನು ಎದುರಿಗೆ ನಿಲ್ಲಿಸಿ, ಕುಳಿತು ಒದೆಯುವ ಮೀಡಿಯಂ ಕಿಕ್ಕನ್ನು ರೆಕಾರ್ಡ್ ಮಾಡಿ, ಮತ್ತೆಮತ್ತೆ ಒದೆಯುವಂತೆ ಬಿಡಿ. ನೆಲದಲ್ಲಿ ಚೌಕಗಳ ಗೆರೆಗಳಿವೆ. ಒಂದೊಂದೇ ಹೆಜ್ಜೆ ಹಿಂದೆ ಬನ್ನಿ. ಕಾಲ ತುದಿ ನಿಮ್ಮ ಮೊಣಕಾಲಿಗೆ ಕೂದಲೆಳೆಯಷ್ಟರಲ್ಲಿ ತಪ್ಪುವ ಗೆರೆ ಸಿಗುತ್ತದೆ. ಪಂದ್ಯದಲ್ಲಿ ನೀವು ನಿಲ್ಲಬೇಕಾದ ಜಾಗ ಅದೇ. ಅಲ್ಲಿ ಅವನ ಒದೆತ ಗಾಳಿಗೆ ಹೋಗುತ್ತದೆ, ಕಾಲು ಹಿಂದಕ್ಕೆ ಎಳೆದುಕೊಳ್ಳುವ ಮೊದಲೇ ನಿಮ್ಮ ಉದ್ದನೆಯ ಹೊಡೆತ ಬಿದ್ದಿರುತ್ತದೆ. ಎರಡು ಸಲ ಹೀಗಾದರೆ ಅವನು ಒದೆಯುವುದನ್ನು ನಿಲ್ಲಿಸುತ್ತಾನೆ. ಆಮೇಲೆ ನಡೆದುಕೊಂಡೇ ಹೋಗಬಹುದು.

ಲೆಕ್ಕವೂ ನಿಮ್ಮ ಕಡೆಗಿದೆ. ಸಾಮಾನ್ಯ ಪಾತ್ರಕ್ಕೆ 10000 ಪ್ರಾಣ, ಝಾಂಗೀಫ್‌ಗೆ 11000. ಅವನ ಸ್ಕ್ರೂ ಪೈಲ್‌ಡ್ರೈವರ್ (ಹಿಡಿದು ಗಿರಗಿರನೆ ಸುತ್ತಿ ನೆಲಕ್ಕೆ ಕುಕ್ಕುವ ಪಟ್ಟು) ಮೂರು-ನಾಲ್ಕು ಸಲ ಬಿದ್ದರೆ ಸುತ್ತು ಮುಗಿಯುತ್ತದೆ. ಒಳಗೆ ಹೋಗುವಾಗ ಒಂದೆರಡು ಸಣ್ಣ ಏಟು ತಿಂದರೆ ಗಾಬರಿಯಾಗಬೇಕಿಲ್ಲ.

ಪ್ರಶ್ನೆ: ಸ್ಟಿಕ್ ಪೂರ್ತಿ ಸುತ್ತಿಸಿದರೂ ಆ ಪಟ್ಟು ಬೀಳುವುದಿಲ್ಲ, ಝಾಂಗೀಫ್ ಹಾರಿಬಿಡುತ್ತಾನೆ.

ಉತ್ತರ: ಪೂರ್ತಿ ಸುತ್ತು ಬೇಕಿಲ್ಲ. ಮುಂದೆ, ಕೆಳಗೆ, ಹಿಂದೆ, ಮೇಲೆ, ಈ ನಾಲ್ಕು ದಿಕ್ಕು ಮುಟ್ಟಿದರೆ ಸಾಕು. ‘ಮೇಲೆ’ಯನ್ನು ಕೊನೆಗೆ ಉಳಿಸಿಕೊಂಡು, ಅಲ್ಲಿಗೆ ಬಂದ ಗಳಿಗೆಯಲ್ಲೇ ಪಂಚ್ ಒತ್ತಿ. ಪಾದ ನೆಲ ಬಿಡುವ ಮುನ್ನ ಕೆಲವೇ ಫ್ರೇಮ್‌ಗಳ ಸಿದ್ಧತೆ ಇರುತ್ತದೆ, ಅದರೊಳಗೆ ಗುಂಡಿ ಬಿದ್ದರೆ ಜಂಪ್ ರದ್ದಾಗಿ ಪಟ್ಟು ಬರುತ್ತದೆ. ಫ್ರೇಮ್ ಅಷ್ಟು ಚಿಕ್ಕದು, ಆದ್ದರಿಂದ ತಡಮಾಡುವಂತಿಲ್ಲ. ಸುಮ್ಮನೆ ನಿಂತು ಸುತ್ತಿಸುವುದಕ್ಕಿಂತ, ಇನ್ನೊಂದು ಹೊಡೆತ ನಡೆಯುತ್ತಿರುವಾಗಲೋ ಜಂಪ್‌ನಿಂದ ಇಳಿಯುತ್ತಿರುವಾಗಲೋ ಸುತ್ತಿಸಿ. ಆ ಹೊತ್ತಿನಲ್ಲಿ ‘ಮೇಲೆ’ ತಾಗಿದರೂ ಪಾತ್ರ ಹಾರಲಾರದು. ಲೈಟ್ ಪಂಚ್‌ನ ಪಟ್ಟು ಅತಿ ದೂರ ಎಟಕುತ್ತದೆ, ಹೆವಿಯದು ಎಟಕುವುದು ಕಡಿಮೆ, ಏಟು ಜಾಸ್ತಿ. ಕಲಿಯುವಾಗ ಲೈಟ್ ಸಾಕು.

ಪ್ರಶ್ನೆ: ಹತ್ತಿರ ಹೋಗಿ ಲೈಟ್ ಪಂಚ್ ಬ್ಲಾಕ್ ಮಾಡಿಸಿ ಪಟ್ಟು ಹಾಕುತ್ತೇನೆ. ಕೆಲವು ಸಲ ಕೈ ಗಾಳಿಯನ್ನು ಅಪ್ಪಿಕೊಳ್ಳುತ್ತದೆ. ಉಳಿದ ಸಲ ಎದುರಾಳಿ ಹಾರಿರುತ್ತಾನೆ.

ಉತ್ತರ: ಎರಡಕ್ಕೂ ಕಾರಣ ಬೇರೆ. ಬ್ಲಾಕ್ ಮಾಡಿದವನು ಆ ಬಿಗಿತದಲ್ಲಿ ಇರುವಷ್ಟು ಹೊತ್ತು ಯಾವ ಪಟ್ಟೂ ಅವನಿಗೆ ತಾಗದು. ನೀವು ಬೇಗ ಹಾಕಿದರೆ ಕೈ ಖಾಲಿ. ಪಂಚ್ ಆದ ಮೇಲೆ ಒಂದು ಚೂರು ಬಿಡುವು ಕೊಟ್ಟು ಹಾಕಿ. ಟ್ರೈನಿಂಗ್ ಮೋಡ್‌ನ ಫ್ರೇಮ್ ಮೀಟರ್ ಚಾಲೂ ಮಾಡಿದರೆ ಅವನ ಬಿಗಿತ ಎಲ್ಲಿಗೆ ಮುಗಿಯಿತು, ನಿಮ್ಮ ಪಟ್ಟು ಎಲ್ಲಿ ಶುರುವಾಯಿತು ಎಂಬುದು ಬಣ್ಣದ ಪಟ್ಟಿಯಲ್ಲಿ ಕಾಣುತ್ತದೆ.

ಅವನು ಹಾರುತ್ತಿದ್ದರೆ ಅದು ನಿಮ್ಮ ತಪ್ಪೇನಲ್ಲ, ಹೆದರಿದ್ದಾನೆ ಎಂಬುದರ ಗುರುತು. ಈ ಪಟ್ಟನ್ನು ಸಾಧಾರಣ ಥ್ರೋನಂತೆ ಗುಂಡಿ ಒತ್ತಿ ಬಿಡಿಸಿಕೊಳ್ಳಲು ಆಗುವುದಿಲ್ಲ. ಹಾಗಾಗಿ ಹಾರಬೇಕು, ಹಿಂದಕ್ಕೆ ಡ್ಯಾಶ್ ಮಾಡಬೇಕು, ಇಲ್ಲವೇ ಮೊದಲೇ ಹೊಡೆಯಬೇಕು. ಮುಂದಿನ ಸಲ ಪಂಚ್ ಆದ ಮೇಲೆ ಪಟ್ಟು ಹಾಕದೆ ಕಾಯಿರಿ. ಹಾರಿದರೆ ಕೈ ಚಾಚಿ ಗಿರಗಿರನೆ ತಿರುಗುವ ಡಬಲ್ ಲ್ಯಾರಿಯಟ್‌ನಿಂದ ಕೆಡವಿ. ಗುಂಡಿ ಒತ್ತುವ ಚಾಳಿಯವನಾದರೆ ಎರಡನೇ ಪಂಚ್ ಕೊಡಿ, ಅವನ ಹೊಡೆತ ಶುರುವಾಗುತ್ತಲೇ ನಿಮ್ಮದು ತಾಗುತ್ತದೆ. ಶೋರ್ಯುಕೆನ್ (ಮೇಲಕ್ಕೆ ಚಿಮ್ಮುವ ಗುದ್ದು) ತರಹದ ಅಭೇದ್ಯ ಹೊಡೆತ ಇರುವವನ ಎದುರು ಸುಮ್ಮನೆ ಬ್ಲಾಕ್ ಮಾಡಿ. ಅದನ್ನು ತಡೆದ ಮೇಲೆ ಅವನು ಕೆಳಗಿಳಿಯುವಾಗ ಬೇಕಾದಷ್ಟು ಸಮಯವಿರುತ್ತದೆ, ಆಗ ದೊಡ್ಡ ಏಟನ್ನೇ ಆರಿಸಿಕೊಳ್ಳಿ. ಖಾಲಿ ಹೋದ ಪಟ್ಟಿಗೆ ಬೆಲೆ ತೆರಲೇಬೇಕಾಗುತ್ತದೆ, ಆದ್ದರಿಂದ ಸತತ ಮೂರು ಸಲ ಹಾಕುವ ಆಸೆ ಬೇಡ.

ಪ್ರಶ್ನೆ: ಗಿಲ್ಟಿ ಗಿಯರ್ ಸ್ಟ್ರೈವ್ ಎಂಬ ಇನ್ನೊಂದು ಹೊಡೆದಾಟದ ಗೇಮ್‌ನ ಭಾರದ ಪಾತ್ರ ಪೊಟೆಮ್ಕಿನ್‌ಗೂ ಇದೇ ಉಪಾಯವೇ?

ಉತ್ತರ: ನಿಲ್ಲುವ ಜಾಗದ ಲೆಕ್ಕ ಅದೇ. ಆದರೆ ಪೊಟೆಮ್ಕಿನ್‌ಗೆ ಓಟವೂ ಇಲ್ಲ, ಗಾಳಿಯಲ್ಲಿ ಡ್ಯಾಶೂ ಇಲ್ಲ. ಹೆಚ್ಚಿನ ಎದುರಾಳಿಗಳಿಗೆ ಅವೆರಡೂ ಇವೆ. ದೂರ ಕ್ರಮಿಸಲು ಹ್ಯಾಮರ್ ಫಾಲ್ ಎಂಬ ಹೊಡೆತ ಬಳಸಿ: ಹಿಂದಕ್ಕೆ ಒತ್ತಿ ಹಿಡಿದು, ಮುಂದೆ ಜೊತೆಗೆ ಹೆವಿ ಸ್ಲ್ಯಾಶ್ ಗುಂಡಿ. ಅದು ಒಂದು ಏಟನ್ನು ತಡೆದುಕೊಂಡು ಮುನ್ನುಗ್ಗುತ್ತದೆ. ಎರಡನೇ ಏಟು ಬಿದ್ದರೆ ನಿಲ್ಲುತ್ತದೆ, ಥ್ರೋಗಂತೂ ತಡೆಯೇ ಇಲ್ಲ. ಸದಾ ಕೊನೆಯವರೆಗೂ ಓಡಿಸಿದರೆ ಎದುರಾಳಿ ಬ್ಲಾಕ್ ಮಾಡಿ ಕಾಯುವುದನ್ನು ಕಲಿತುಬಿಡುತ್ತಾನೆ. ಅವನು ಬ್ಲಾಕ್ ಹಿಡಿದು ಕುಳಿತದ್ದು ಕಂಡ ದಿನ, ಅರ್ಧದಲ್ಲಿ ಪಂಚ್ ಒತ್ತಿ ಬ್ರೇಕ್ ಹಾಕಿ ನೇರ ಅವನ ಹಿಡಿತದ ಪಟ್ಟಾದ ಪೊಟೆಮ್ಕಿನ್ ಬಸ್ಟರ್ ಹಾಕಿ.